ಅಪಸ್ವರದ ದೊರೆ

ಚಂದ್ರಕಾಂತ ಕುಸನೂರರು ತಮ್ಮ ನಾಟಕಗಳಿಗೆ ಇಟ್ಟ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಿ. ‘ಆನಿ ಬಂತೊಂದಾನಿ’. ‘ರತ್ತೋ ರತ್ತೋ ರಾಯನ ಮಗಳೆ’. ಎರಡೂ ನಮ್ಮ ಅಂಗಳದಲ್ಲಿ ಮಕ್ಕಳು ಆಡುತ್ತ ಹೇಳುವ ಪದ. ಅತ್ತ ಧಾರವಾಡದಲ್ಲಿ ಚಂದ್ರಶೇಖರ ಪಾಟೀಲರು, ಅಂದರೆ ಚಂಪಾ, ತಮ್ಮೊಂದು ನಾಟಕಕ್ಕೆ ‘ಕುಂಟಾ ಕುಂಟಾ ಕುರವತ್ತಿ’ ಎಂದು ಹೆಸರಿಟ್ಟರು. ಅದೂ ಮಕ್ಕಳಾಟದ್ದೇ. ಕನ್ನಡದ ಅಸಂಗತ ನಾಟಕ ಎಂದಕೂಡಲೇ ನೆನಪಾಗುವ ಈ ಇಬ್ಬರೂ ಹೆಸರು ಹುಡುಕಿಕೊಂಡು ಹೋಗಿದ್ದು ಪ್ಯಾರಿಸ್ಸಿಗಲ್ಲ, ಓಣಿಯ ಹುಡುಗರ ಬಳಿಗೆ. ಆಟದ ಪದಕ್ಕೆ ಅರ್ಥ ಇರಲೇಬೇಕೆಂದಿಲ್ಲ, ತಾಳ ಮಾತ್ರ ಇರಲೇಬೇಕು. ಅರ್ಥ ತಪ್ಪಿದರೆ ಯಾವ ಹುಡುಗನೂ ತಕರಾರು ತೆಗೆಯುವುದಿಲ್ಲ. ತಾಳ ತಪ್ಪಿದರೆ ಆಟವೇ ನಿಂತುಹೋಗುತ್ತದೆ.

ಅಸಂಗತ ನಾಟಕದಿಂದ ಸ್ಫೂರ್ತಿ ಪಡೆದ ರಾಕ್ ಬ್ಯಾಂಡ್ ಎಂದರೆ ಏನು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾನು ಇಲ್ಲಿಂದಲೇ ಶುರುಮಾಡುತ್ತೇನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಓದುಗರಿಗೆ ರಾಕ್ ಎಂದರೆ ಬೆಂಗಳೂರಿನ ಸರಕು, ಅಸಂಗತ ಎಂದರೆ ಎಂ.ಎ. ಪಠ್ಯದ ಸರಕು. ಎರಡನ್ನೂ ಕೂಡಿಸಿದರೆ ಕೇಳುವುದೇ ಬೇಡ, “ಇದೇನ್ರೀ, ನಮಗ್ಯಾಕ ಇದು?” ಎನ್ನುತ್ತಾರೆ. ಆದರೆ ಕುಸನೂರರು ನಮ್ಮ ಕಲಬುರಗಿಯವರೇ. 1931ರಲ್ಲಿ ಹುಟ್ಟಿದವರು, 2020ರಲ್ಲಿ ಬೆಳಗಾವಿಯಲ್ಲಿ ತೀರಿಕೊಂಡರು. ನಾಟಕ ಬರೆದರು, ಕಾದಂಬರಿ ಬರೆದರು, ಚಿತ್ರ ಬಿಡಿಸಿದರು, ಹಿಂದಿ ಉರ್ದುವಿನಲ್ಲೂ ಕೈಯಾಡಿಸಿದರು. ‘ಆನೆ’ ಎಂದು ಬರೆಯದೆ ‘ಆನಿ’ ಎಂದು ಬರೆದ ಧೈರ್ಯವೊಂದೇ ಸಾಕು, ಆ ನಾಟಕಗಳು ಯಾವ ನೆಲದವು ಎಂದು ಹೇಳಲು.

ಅಸಂಗತದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎರಡನೆಯ ಮಹಾಯುದ್ಧ ಮುಗಿದ ಯುರೋಪಿನಲ್ಲಿ ಕೆಲವು ನಾಟಕಕಾರರಿಗೆ, ಕಥೆಗೆ ಆದಿ ಮಧ್ಯ ಅಂತ್ಯ ಇರಬೇಕು, ಮಾತಿಗೆ ಅರ್ಥ ಇರಬೇಕು ಎಂಬುದೇ ಸುಳ್ಳೆನಿಸತೊಡಗಿತು. ಯೂಜೀನ್ ಅಯನೆಸ್ಕೋ ಇಂಗ್ಲಿಷ್ ಕಲಿಯಲೆಂದು ಒಂದು ಸಂಭಾಷಣೆಯ ಪುಸ್ತಕ ಹಿಡಿದು ಕೂತ. ಅದರಲ್ಲಿ ಗಂಡ ಹೆಂಡತಿ ತಮಗೆ ಚೆನ್ನಾಗಿ ಗೊತ್ತಿರುವ ಸಂಗತಿಗಳನ್ನೇ ಒಬ್ಬರಿಗೊಬ್ಬರು ಗಂಭೀರವಾಗಿ ತಿಳಿಸುತ್ತಿದ್ದರು: ವಾರಕ್ಕೆ ಏಳು ದಿನ, ನೆಲ ಕೆಳಗಿದೆ, ಛಾವಣಿ ಮೇಲಿದೆ. ಭಾಷೆ ಕಲಿಯುವುದು ಬಿಟ್ಟು ಅವನು ನಾಟಕ ಬರೆದ. 1950ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಆಡಿದ ಆ ನಾಟಕದ ಹೆಸರು ‘ಬೋಳುತಲೆಯ ಗಾಯಕಿ’. ಅದರಲ್ಲಿ ಗಾಯಕಿಯೂ ಬರುವುದಿಲ್ಲ, ಬೋಳುತಲೆಯೂ ಬರುವುದಿಲ್ಲ. ಪರದೆ ಎದ್ದಾಗ ಗಡಿಯಾರ ಹದಿನೇಳು ಸಲ ಬಡಿಯುತ್ತದೆ, ಮನೆಯಾಕೆ ಒಂಬತ್ತು ಗಂಟೆಯಾಯಿತು ಎನ್ನುತ್ತಾಳೆ. ಕೊನೆಗೆ ಬೇರೊಂದು ಜೋಡಿ ಕೂತು ಮೊದಲಿನ ಮಾತನ್ನೇ ಮತ್ತೆ ಶುರುಮಾಡುತ್ತದೆ. 1957ರಿಂದ ಪ್ಯಾರಿಸ್ಸಿನ ಯುಷೆಟ್ ಎಂಬ ಪುಟ್ಟ ರಂಗಮಂದಿರದಲ್ಲಿ ಇದರ ಪ್ರದರ್ಶನ ನಡೆದುಕೊಂಡೇ ಬಂದಿದೆ. 1953ರಲ್ಲಿ ಸ್ಯಾಮ್ಯುಯೆಲ್ ಬೆಕೆಟ್‌ನ ಗೋಡೋ ನಾಟಕ ಬಂತು. ಇಬ್ಬರು ಕಾಯುತ್ತಾರೆ, ಬರಬೇಕಾದವನು ಬರುವುದಿಲ್ಲ, ಅಷ್ಟೇ. 1961ರಲ್ಲಿ ಮಾರ್ಟಿನ್ ಎಸ್ಲಿನ್ ಎಂಬ ವಿಮರ್ಶಕ ಇವನ್ನೆಲ್ಲ ಒಟ್ಟುಮಾಡಿ ಪುಸ್ತಕ ಬರೆದ ಮೇಲೆ ‘ಅಬ್ಸರ್ಡ್’ ಎಂಬ ಹೆಸರು ಊರೂರು ತಿರುಗಿತು.

ನಮ್ಮಲ್ಲಿಗೂ ಬಂತು. ಮೈಸೂರಿನಲ್ಲಿ ನ. ರತ್ನ ‘ಎಲ್ಲಿಗೆ?’ ಬರೆದರು, ಲಂಕೇಶ್ ಬರೆದರು, ಚಂಪಾ ‘ಕೊಡೆಗಳು’ ಬರೆದರು. ಯುದ್ಧ ನಮ್ಮ ಮನೆ ಬಾಗಿಲಿಗೆ ಬಂದಿರಲಿಲ್ಲ. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷಕ್ಕೇ ಹಳಸತೊಡಗಿತ್ತು. ಹಾಗಾಗಿ ಕನ್ನಡದ ಅಸಂಗತದಲ್ಲಿ ದುಃಖಕ್ಕಿಂತ ಕುಹಕ ಹೆಚ್ಚು. ಇದು ಕೊರತೆ ಎಂದು ಕೆಲವರು ಬರೆದದ್ದುಂಟು. ನನಗೆ ಹಾಗನಿಸುವುದಿಲ್ಲ. ನಗುವವನ ಬಾಯಲ್ಲಿ ತಾಳ ತಾನಾಗಿ ಬರುತ್ತದೆ.

ಇನ್ನು ರಾಕ್ ಸಂಗೀತದ ಕಡೆಗೆ ಬರೋಣ. ಇಲ್ಲಿ ಕಥೆ ಅಯನೆಸ್ಕೋಗಿಂತ ಹಿಂದಕ್ಕೆ, 1896ಕ್ಕೆ ಹೋಗುತ್ತದೆ.

ಫ್ರಾನ್ಸಿನ ರೆನ್ ಎಂಬ ಊರಿನ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಒಬ್ಬ ಮಾಸ್ತರರಿದ್ದರು. ದಪ್ಪ ಹೊಟ್ಟೆ, ತರಗತಿಯ ಮೇಲೆ ಹಿಡಿತ ಇಲ್ಲ. ಹುಡುಗರು ಅವರ ಮೇಲೆ ಗೊಂಬೆಯಾಟ ಕಟ್ಟಿ ಗೇಲಿ ಮಾಡುತ್ತಿದ್ದರು. ಆ ಹುಡುಗರಲ್ಲಿ ಒಬ್ಬನಾದ ಆಲ್‌ಫ್ರೆಡ್ ಜಾರಿ ಮುಂದೆ ಅದನ್ನೇ ಬೆಳೆಸಿ ‘ಉಬು ದೊರೆ’ ಎಂಬ ನಾಟಕ ಮಾಡಿದ. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಕಥೆಯನ್ನು ತಲೆಕೆಳಗು ಮಾಡಿದ ಹಾಗೆ. ಉಬು ಹೊಟ್ಟೆಬಾಕ, ಹೇಡಿ, ದುರಾಸೆಯ ಮುದ್ದೆ. ಹೆಂಡತಿಯ ಮಾತು ಕೇಳಿ ರಾಜನನ್ನು ಕೊಂದು ಪಟ್ಟಕ್ಕೇರುತ್ತಾನೆ, ಸಿಕ್ಕಸಿಕ್ಕವರ ಮೇಲೆ ತೆರಿಗೆ ಹೇರುತ್ತಾನೆ. 1896ರ ಡಿಸೆಂಬರ್ 10ರ ಪ್ರದರ್ಶನದಲ್ಲಿ ದೊರೆಯ ಬಾಯಿಂದ ಬಂದ ಮೊದಲ ಮಾತೇ ಒಂದು ಹೊಲಸು ಬೈಗುಳ, ಅದಕ್ಕೊಂದು ಅಕ್ಷರ ಹೆಚ್ಚಿಗೆ ಸೇರಿಸಿ ಸೊಟ್ಟ ಮಾಡಿದ್ದು. ಸಭೆಯಲ್ಲಿ ಗದ್ದಲವೆದ್ದಿತು. ಐರಿಷ್ ಕವಿ ಯೇಟ್ಸ್ ಕೂಡ ಪ್ರೇಕ್ಷಕರ ನಡುವೆ ಕೂತಿದ್ದ.

ಜಾರಿಗೆ ಬೇಕಿದ್ದದ್ದು ಜಾತ್ರೆಯ ವಾದ್ಯಮೇಳದ ಗದ್ದಲ. ಅದು ಒದಗದೆ ಪಿಯಾನೊ, ನಗಾರಿಗಳಲ್ಲೇ ಸುಧಾರಿಸಬೇಕಾಯಿತು. ಇನ್ನೂ ಒಂದು ಬೇಡಿಕೆ ಇತ್ತು ಅವನದು: ಉಬು ಕುದುರೆ ಏರುವ ದೃಶ್ಯದಲ್ಲಿ ನಿಜವಾದ ಕುದುರೆ ಬೇಡ, ರಟ್ಟಿನ ಕುದುರೆ ತಲೆಯೊಂದನ್ನು ನಟನ ಕೊರಳಿಗೆ ತೂಗುಹಾಕಿದರೆ ಸಾಕು. ನಮ್ಮೂರ ಮೆರವಣಿಗೆಗಳಲ್ಲಿ ಕೀಲುಕುದುರೆ ಕುಣಿದದ್ದನ್ನು ನೋಡಿದವರಿಗೆ ಇದರಲ್ಲಿ ಏನೂ ಹೊಸದು ಕಾಣದು. ಪ್ಯಾರಿಸ್ಸಿಗೆ ಮಾತ್ರ ಅದು ಕ್ರಾಂತಿ.

ಸುಮಾರು ಎಂಬತ್ತು ವರ್ಷ ದಾಟಿ ಬನ್ನಿ. ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್, 1975. ಅದು ಉಕ್ಕಿನ ಊರು. ಊರ ನಡುವಿನ ಕಯಹೋಗಾ ನದಿಯ ಮೇಲೆ ಎಣ್ಣೆ, ಕಸ ಎಷ್ಟು ತೇಲುತ್ತಿತ್ತೆಂದರೆ 1969ರಲ್ಲಿ ನದಿಗೇ ಬೆಂಕಿ ಹತ್ತಿಕೊಂಡಿತ್ತು. ಆ ಊರಲ್ಲಿ ಡೇವಿಡ್ ಥಾಮಸ್ ಎಂಬ ದಢೂತಿ ಹುಡುಗನೂ ಅವನ ಗೆಳೆಯರೂ ಸೇರಿ ಒಂದು ಬ್ಯಾಂಡ್ ಕಟ್ಟಿದರು. ಹೆಸರು: ಪೇರ್ ಉಬು. ಜಾರಿಯ ದೊರೆಯದೇ ಹೆಸರು. ನಾಟಕವನ್ನು ಅವರು ಆಗ ಆಡಲಿಲ್ಲ, ಅದರ ಪಾತ್ರಗಳ ಬಗ್ಗೆ ಹಾಡಲೂ ಇಲ್ಲ. ಆ ದೊರೆಯ ನಡತೆಯನ್ನು ಮಾತ್ರ ಸದ್ದಿಗೆ ಕಲಿಸಿದರು.

ಅದು ಹೇಗೆ ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ. 1978ರಲ್ಲಿ ಬಂದ ಅವರ ಮೊದಲ ಆಲ್ಬಮ್ ‘ದ ಮಾಡರ್ನ್ ಡಾನ್ಸ್’. ಅದರ ಮೊದಲ ಹಾಡಿನ ಹೆಸರು ‘ನಾನ್ ಅಲೈನ್‌ಮೆಂಟ್ ಪ್ಯಾಕ್ಟ್’, ಅಂದರೆ ಅಲಿಪ್ತ ಒಪ್ಪಂದ. (ನೆಹರೂ ಕೇಳಿದ್ದರೆ ಏನೆನ್ನುತ್ತಿದ್ದರೋ! ಹುಡುಗಿಯೊಬ್ಬಳ ಜೊತೆಗಿನ ಜಂಜಾಟವನ್ನು ರಾಜತಾಂತ್ರಿಕ ಭಾಷೆಯಲ್ಲಿ ಹಾಡಿದ್ದಾರೆ.) ಹಾಡು ಶುರುವಾಗುವುದು ಗಿಟಾರಿನಿಂದಲ್ಲ, ಕಿವಿ ಕೊರೆಯುವ ಒಂದು ಎಲೆಕ್ಟ್ರಾನಿಕ್ ಕೀರಲಿನಿಂದ. ಸ್ಪೀಕರ್ ಕೆಟ್ಟಿತೇ ಎಂದು ನೀವು ಎದ್ದು ನೋಡುವಷ್ಟರಲ್ಲಿ ಗಿಟಾರ್, ಡ್ರಮ್ಮು ಬಂದು ಹಳೆಯ ಕಾಲದ ರಾಕ್ ಅಂಡ್ ರೋಲಿನ ಕುಣಿತದ ಲಯ ಹಿಡಿಯುತ್ತವೆ. ಕೀರಲು ಮಾತ್ರ ನಿಲ್ಲುವುದಿಲ್ಲ. ಲಯ ತನ್ನ ಪಾಡಿಗೆ ಹೋಗುತ್ತದೆ, ಸದ್ದು ತನ್ನ ಪಾಡಿಗೆ. ಅದರ ಮೇಲೆ ಥಾಮಸ್‌ನ ದನಿ. ಅಷ್ಟು ದೊಡ್ಡ ದೇಹದಿಂದ ಹೆದರಿದ ಮಗುವಿನಂಥ ಚೀರು, ಗೊಣಗು, ಬಿಕ್ಕಳಿಕೆ. ಅದೇ ಆಲ್ಬಮ್ಮಿನ ಇನ್ನೊಂದು ಹಾಡಿನಲ್ಲಿ ಉದ್ದಕ್ಕೂ ಗಾಜು ಒಡೆಯುವ ಸದ್ದು. ಹಾಡಿನ ಹೆಸರೇನೋ ‘ಸೆಂಟಿಮೆಂಟಲ್ ಜರ್ನಿ’. ಅಮೆರಿಕನ್ನರಿಗೆ ಅದು ಹಳೆಯದೊಂದು ಮೆಲುದನಿಯ ಜನಪ್ರಿಯ ಹಾಡಿನ ಹೆಸರು.

ಬ್ಯಾಂಡಿನಲ್ಲಿ ಅಲೆನ್ ರೇವನ್‌ಸ್ಟೈನ್ ಎಂಬವನಿದ್ದ. ಸಿಂಥಸೈಜರ್ ಅವನ ವಾದ್ಯ. ಆ ಕಾಲದ ಉಳಿದವರೆಲ್ಲ ಸಿಂಥಸೈಜರನ್ನು ಹಾರ್ಮೋನಿಯಂ ಹಾಗೆ ಸ್ವರ ನುಡಿಸಲು ಬಳಸುತ್ತಿದ್ದರೆ, ಇವನು ಸ್ವರದ ಗೋಜಿಗೇ ಹೋಗದೆ ಗಾಳಿ, ಉಗಿ, ರೇಡಿಯೊದ ಗರಗರ, ಯಂತ್ರದ ಏದುಸಿರು ಇಂಥವನ್ನೇ ಹೊರಡಿಸುತ್ತಿದ್ದ. ಕಾರ್ಖಾನೆ ಊರಿನ ಮಗನಿಗೆ ಕಾರ್ಖಾನೆಯ ಸದ್ದು ಅಪಶಬ್ದ ಅನಿಸಲಿಲ್ಲ. ಮುಂದೆ ಅವನು ಸಂಗೀತ ಬಿಟ್ಟು ವಿಮಾನದ ಪೈಲಟ್ ಆದ. ಅಸಂಗತಕ್ಕೆ ಇದಕ್ಕಿಂತ ಸರಿಯಾದ ನಿವೃತ್ತಿ ಇರಲಾರದು.

ಅಯನೆಸ್ಕೋ ನಾಟಕದಲ್ಲಿ ಮಾತಿಗೂ ಸಂದರ್ಭಕ್ಕೂ ಇರುವ ನಂಟು ಕಡಿದಿರುತ್ತದೆ. ಗಡಿಯಾರ ಒಂದು ಹೇಳುತ್ತದೆ, ಮನೆಯಾಕೆ ಇನ್ನೊಂದು ಹೇಳುತ್ತಾಳೆ, ಇಬ್ಬರಿಗೂ ಅದರ ಪರಿವೆ ಇಲ್ಲ. ಪೇರ್ ಉಬು ಮಾಡಿದ್ದೂ ಅದನ್ನೇ: ದನಿಗೂ ವಾದ್ಯಕ್ಕೂ, ಲಯಕ್ಕೂ ಗದ್ದಲಕ್ಕೂ, ಹಾಡಿನ ಹೆಸರಿಗೂ ಹಾಡಿಗೂ ಇರುವ ನಂಟನ್ನು ಕಡಿದದ್ದು. ಬೆಕೆಟ್‌ನಲ್ಲಿ ಮೌನ ಎಷ್ಟು ಮುಖ್ಯವೋ ಇಲ್ಲಿ ತಟಕ್ಕನೆ ನಿಂತು ಮತ್ತೆ ಎಲ್ಲಿಂದಲೋ ಶುರುವಾಗುವುದು ಅಷ್ಟು ಮುಖ್ಯ. ರಾಕ್ ಸಂಗೀತದಲ್ಲಿ ‘ರಿಫ್’ ಎಂಬುದೊಂದಿದೆ, ಒಂದೇ ಚಿಕ್ಕ ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಸುವುದು. ಮಾಮೂಲಿ ಹಾಡಿನಲ್ಲಿ ರಿಫ್ ಕೇಳುಗನಿಗೆ ಹಿಡಿದುಕೊಳ್ಳಲು ಆಸರೆ. ಅಸಂಗತ ರಾಕ್‌ನಲ್ಲಿ ಅದೇ ರಿಫ್ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು ಹೊತ್ತು ನಡೆಯುತ್ತದೆ. ಮೊದಲು ಹಿತ, ಆಮೇಲೆ ಬೇಸರ, ಆಮೇಲೆ ನಗು, ಕೊನೆಗೊಂದು ಸಣ್ಣ ದಿಗಿಲು. ಒಂದೇ ಮಾತನ್ನು ಮತ್ತೆ ಮತ್ತೆ ಆಡುವ ನಾಟಕದ ಪಾತ್ರಗಳೂ ನಮ್ಮನ್ನು ಇದೇ ಹಾದಿಯಲ್ಲಿ ಕರೆದೊಯ್ಯುತ್ತವೆ.

ಹೆಸರು ಕಡ ತಂದ ನಾಟಕದ ಸಾಲವನ್ನು ಡೇವಿಡ್ ಥಾಮಸ್ 2008ರಲ್ಲಿ ತೀರಿಸಿದ. ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ‘ಉಬು ದೊರೆ’ಯ ತನ್ನದೇ ರೂಪಾಂತರವನ್ನು ಬ್ಯಾಂಡಿನೊಂದಿಗೆ ಆಡಿದ; ಉಬು ಪಾತ್ರ ತಾನೇ ಹಾಕಿದ. ಮರುವರ್ಷ ಅದು ಆಲ್ಬಮ್ಮಾಗಿಯೂ ಬಂತು. 2025ರ ಏಪ್ರಿಲಿನಲ್ಲಿ, 71ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಬ್ಯಾಂಡಿನ ಹಾಡುಗಳು ಯಾವತ್ತೂ ದೊಡ್ಡ ಹಿಟ್ ಆಗಲಿಲ್ಲ. ಆದರೆ ಮುಂದಿನ ತಲೆಮಾರಿನ ಎಷ್ಟೋ ವಾದ್ಯಗಾರರು ಅವನ್ನು ಕೇಳಿಯೇ ತಮ್ಮ ದಾರಿ ಬದಲಿಸಿಕೊಂಡರು.

“ಅಪಸ್ವರ ಹಾಡಿ ಅದಕ್ಕೊಂದು ಸಿದ್ಧಾಂತ ಕಟ್ಟಿದರಾಯಿತೇ?” ಎಂದು ಕೇಳುವವರಿದ್ದಾರೆ. ಕೇಳಲಿ, ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕಲು ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋಗಿಬರಬಹುದು. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ ಅದು. ಅದರ ಮೊದಲ ಪರಿಚ್ಛೇದಕ್ಕೆ ಅವನು ಕೊಟ್ಟ ಹೆಸರು ‘ದೋಷಾದೋಷಾನುವರ್ಣನ ನಿರ್ಣಯ’: ಕಾವ್ಯದಲ್ಲಿ ಯಾವುದು ದೋಷ, ಯಾವುದು ಅಲ್ಲ. ಕಟ್ಟುನಿಟ್ಟಿನ ಮನುಷ್ಯ, ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಾನೆ. ಆದರೆ ಅವನೇ ಒಂದು ಕಡೆ ಕನ್ನಡ ಕವಿಗಳ ಒಂದು ಚಾಳಿಯನ್ನು ದಾಖಲಿಸಿದ್ದಾನೆ. ಸಂಸ್ಕೃತ ಛಂದಸ್ಸಿನಲ್ಲಿ ಪದ್ಯದ ನಡುವೆ ಉಸಿರಿಗಾಗಿ ನಿಲ್ಲಬೇಕಾದ ಜಾಗ ಯತಿ. ನಮ್ಮ ಕವಿಗಳು ಖಂಡಪ್ರಾಸದ ಸೊಗಸಿಗೆ ಮನಸೋತು ಆ ಯತಿಯನ್ನು ದಾಟಿಕೊಂಡು ಹೋದರು. ನಿಯಮ ಮುರಿದದ್ದೇ ಕನ್ನಡದ ಚೆಲುವಾಯಿತು. ದೋಷ ಯಾವಾಗ ಗುಣವಾಗುತ್ತದೆ ಎಂಬ ವಿಚಾರ ಕ್ಲೀವ್‌ಲ್ಯಾಂಡಿನವರಿಗಿಂತ ಸಾವಿರದ ಚಿಲ್ಲರೆ ವರ್ಷ ಮೊದಲು ಇಲ್ಲೇ, ಇದೇ ಮಣ್ಣಿನಲ್ಲಿ ನಡೆದಿತ್ತು. ದೋಷವನ್ನು ಗೊತ್ತಿದ್ದು ಮಾಡಬೇಕು, ಅದರಿಂದ ಬೇರೊಂದು ಲಾಭ ಆಗಬೇಕು. ಶ್ರುತಿ ಸೇರದವನ ಅಪಸ್ವರಕ್ಕೂ, ಶ್ರುತಿ ಸೇರಿಸಲು ಬಲ್ಲವನು ಬೇಕೆಂದೇ ಬಿಟ್ಟ ಅಪಸ್ವರಕ್ಕೂ ಇರುವ ಅಂತರ ಇದೇ.

ಹಾಗಾದರೆ ಕನ್ನಡದ ರಾಕ್ ಬ್ಯಾಂಡುಗಳು? ಅವು ಅಸಂಗತದ ಹೊಸ್ತಿಲವರೆಗೆ ಬಂದಿವೆ. ಬಂದದ್ದು ನಾಟಕದ ಬಾಗಿಲಿಂದಲ್ಲ, ತತ್ವಪದದ ಬಾಗಿಲಿಂದ.

2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ತನ್ನ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವನ್ನು ಹಾಡಿತು. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಗಿಟಾರ್ ಹಿಡಿದ ರಘು ದೀಕ್ಷಿತ್ ಆ ಪದವನ್ನು ದೇಶ ವಿದೇಶಗಳ ವೇದಿಕೆಗೆ ಒಯ್ದರು. ಶರೀಫರ ಹೆಸರೇ ಕೇಳದ ಸಾವಿರಾರು ಹುಡುಗರು ಅದನ್ನು ಬಾಯಿಪಾಠ ಮಾಡಿಕೊಂಡರು. ಇದು ಸಣ್ಣ ಕೆಲಸವಲ್ಲ. ಆದರೂ ನನ್ನದೊಂದು ತಕರಾರಿದೆ. ಶರೀಫರ ಪದ ಮೊದಲು ಕೇಳಿದಾಗ ದಿಗ್ಭ್ರಮೆ ಹುಟ್ಟಿಸಬೇಕು. ಕೋಳಿಯೊಂದು ಮಂಗನನ್ನು ನುಂಗಿತು ಎಂದು ಯಾರಾದರೂ ಹೇಳಿದರೆ ನೀವು ಬೆಚ್ಚಬೇಕು. ರಾಕ್ ಆಗುವಾಗ ಆ ಬೆಚ್ಚುವಿಕೆ ಹೋಗಿ ಅಲ್ಲೊಂದು ಸುಂದರ ಮಟ್ಟು, ಚಪ್ಪಾಳೆಗೆ ಹೊಂದುವ ತಾಳ ಬಂದು ಕೂರುತ್ತದೆ. ಮಾತು ಅಸಂಗತ, ಸಂಗೀತ ಸುಸಂಗತ. ಪೇರ್ ಉಬು ಮಾಡಿದ್ದು ಇದರ ಉಲ್ಟಾ.

ಮೈಸೂರಿನ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ಬ್ಯಾಂಡು ರಂಗಭೂಮಿಗೆ ಇನ್ನಷ್ಟು ಹತ್ತಿರ. 2009ರ ಮೊದಲ ಆಲ್ಬಮ್ಮಿನ ದಿನಗಳಲ್ಲಿ ವಾಸು ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆಯ ಮೇಲೆ ಕುಣಿಯುತ್ತಿದ್ದರು. ಜಾರಿ ಬಯಸಿದ ರಟ್ಟಿನ ಕುದುರೆ ನೂರು ವರ್ಷ ಕಳೆದು ರಾಕ್ ವೇದಿಕೆ ಹತ್ತಿದ್ದು ಹೀಗೆ, ಪ್ಯಾರಿಸ್ಸಿನ ಹಂಗಿಲ್ಲದೆ. 2012ರ ‘ಟೋಪಿವಾಲೆ’ ಆಲ್ಬಮ್ಮಿನಲ್ಲಿ ಟೋಪಿ ಹಾಕುವ ರಾಜಕಾರಣಿಯ ಗೇಲಿಯೂ ಇದೆ. ಉಬು ದೊರೆಗೆ ಅವನು ದೂರದ ನೆಂಟನಿರಬೇಕು. ಬೆಂಗಳೂರಿನ ಲೈವ್ ಬ್ಯಾನ್ಡ್ ಎಂಬ ತಂಡ ಚಿತ್ರವಿಚಿತ್ರ ವೇಷ ತೊಟ್ಟು ಸಿನಿಮಾ ಹಾಡಿಗೂ ರಾಕ್ ಹಾಡಿಗೂ ಗಂಟುಹಾಕಿ ನಗಿಸಿತು. ನಗಿಸುವುದೂ ಕೆಲಸವೇ. ಆದರೆ ಕಚಗುಳಿ ಮುಗಿದ ಮೇಲೆ ಮನಸ್ಸಿನಲ್ಲಿ ಏನೂ ಉಳಿಯದಿದ್ದರೆ ಅದು ಅಸಂಗತವಲ್ಲ, ಮನರಂಜನೆ ಅಷ್ಟೇ.

ಸದ್ದಿನ ವಿಷಯದಲ್ಲಿ ಉಬು ದಾರಿಗೆ ಕನ್ನಡದಲ್ಲಿ ಎಲ್ಲರಿಗಿಂತ ಹತ್ತಿರ ಬಂದವರು ರಾಕ್‌ನವರಲ್ಲ, ಬಿ.ವಿ. ಕಾರಂತರು. ಗುಬ್ಬಿ ಕಂಪನಿಯಲ್ಲಿ ಬೆಳೆದ ಕಾರಂತರಿಗೆ ಮಟ್ಟು ಕಟ್ಟುವುದು ಎಡಗೈ ಆಟ. ಆದರೂ ಅವರು ರಂಗದ ಮೇಲೆ ಕೈಗೆ ಸಿಕ್ಕ ವಸ್ತುಗಳಿಂದೆಲ್ಲ ನಾದ ತೆಗೆದರು, ಗುಂಪಿನ ಗೊಣಗಾಟ, ಉಸಿರು, ಕೂಗನ್ನೇ ಸಂಗೀತವಾಗಿಸಿದರು. ಕಾರ್ನಾಡರ ‘ಹಯವದನ’ದ ಕುದುರೆ ಮುಖದವನಿಗೆ ಮನುಷ್ಯನ ದನಿ ಇದೆ, ಅವನಿಗೆ ಅದೇ ದೊಡ್ಡ ಸಂಕಟ, ಕೊನೆಗೆ ಆ ದನಿಯೂ ಹೋಗಿ ಕೆನೆತ ಬರುತ್ತದೆ. ಮಾತಿನಿಂದ ಸದ್ದಿಗೆ ಜಾರುವ ಆ ಕ್ಷಣವನ್ನು ರಾಕ್ ಬ್ಯಾಂಡೊಂದು ಕೈಗೆತ್ತಿಕೊಂಡರೆ ಏನಾದೀತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದಿದೆ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎನ್ನುವ ಚಟ ನಮಗಿದೆ. ಅಲ್ಲಮನ ಬೆಡಗಿನ ವಚನ, ಕಡಕೋಳ ಮಡಿವಾಳಪ್ಪನವರ ತತ್ವಪದ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದ, ಇವನ್ನೆಲ್ಲ ತೋರಿಸಿ ಅಬ್ಸರ್ಡ್ ಎಂದರೆ ಇದೇ ಎಂದುಬಿಡುತ್ತಾರೆ. ಅಲ್ಲ. ಬೆಡಗಿನ ಪದಕ್ಕೆ ಬೀಗ ಹಾಕಿದ್ದರೂ ಅದರ ಕೀಲಿಕೈ ಗುರುವಿನ ಬಳಿ ಭದ್ರವಾಗಿದೆ. ಅಸಂಗತ ನಾಟಕದಲ್ಲಿ ಕೀಲಿಕೈ ಕಳೆದುಹೋಗಿದೆ, ಒಳಗೆ ಕೋಣೆ ಇದೆ ಎಂಬ ಖಾತ್ರಿಯೂ ಇಲ್ಲ. ಶರೀಫರಿಗೆ ಗುರು ಗೋವಿಂದಭಟ್ಟರಿದ್ದರು. ಬೆಕೆಟ್‌ನ ಪಾತ್ರಗಳಿಗೆ ಬಾರದ ಗೋಡೋ ಮಾತ್ರ. ಅಮಾವಾಸ್ಯೆಯ ರಾತ್ರಿ ಮಠದ ಕಟ್ಟೆಯಲ್ಲಿ ಏಕತಾರಿ, ದಮ್ಮಡಿ, ತಾಳ ಹಿಡಿದು ಕೂತ ಭಜನೆಯವರು ಬೆಳಗಿನ ತನಕ ಹಾಡುವಾಗ ಅವರ ಮುಖದಲ್ಲಿ ಕಾಣುವುದು ಗೊಂದಲವಲ್ಲ, ಗೊತ್ತಿದ್ದವರ ನೆಮ್ಮದಿ. ಇದನ್ನು ಮರೆತು ತತ್ವಪದ ಮುಟ್ಟುವ ಬ್ಯಾಂಡು ಎರಡನ್ನೂ ಕೆಡಿಸುತ್ತದೆ.

ಆದರೆ ಏಕತಾರಿಯ ಒಂದೇ ತಂತಿ, ಒಂದೇ ಸ್ವರ, ಗಂಟೆಗಟ್ಟಲೆ. ಆ ಝೇಂಕಾರ ರಾಕ್ ಬಲ್ಲವರಿಗೆ ಹೊಸದಲ್ಲ. ಆ ತಂತಿಯನ್ನು ಆಂಪ್ಲಿಫೈಯರಿಗೆ ಜೋಡಿಸಿ, ಮೇಲೆ ಏನನ್ನೂ ಹಾಡದೆ ಹತ್ತು ನಿಮಿಷ ಬಿಟ್ಟು ನೋಡಬೇಕು.

ನಿಜವಾದ ಅಸಂಗತ ನನಗೆ ಕಾಣುವುದು ಬೇರೆ ಕಡೆ, ನಮ್ಮ ಹಳ್ಳಿಗಳ ಜಾತ್ರೆಯ ನಾಟಕದಲ್ಲಿ. ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ತೊಗರಿ ರಾಶಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ಪೇಟಿ ಮಾಸ್ತರರಿಗೆ ಪುರುಸೊತ್ತಿಲ್ಲ. ತಿಂಗಳಗಟ್ಟಲೆ ತಾಲೀಮು. ನಾಟಕದ ರಾತ್ರಿ, ಕಥಾನಾಯಕಿಯ ತಾಯಿ ಸಾಯುವ ಹೊತ್ತು. ಮಗಳು ಹಾಸಿಗೆಯ ಮೇಲೆ ಬಿದ್ದು ಅಳುತ್ತಿದ್ದಾಳೆ, ಮುಂದೆ ಕೂತ ಹೆಣ್ಣುಮಕ್ಕಳೂ ಕಣ್ಣೊರೆಸುತ್ತಿದ್ದಾರೆ. ಅಷ್ಟರಲ್ಲಿ ಮೈಕ್ ಹಿಡಿದವರು ರಂಗದ ಪಕ್ಕದಿಂದ ಬಂದು, ಇಂಥ ಊರಿನ ಇಂಥ ಗೌಡರು ಮಗಳ ಪಾತ್ರ ಮೆಚ್ಚಿ ನೂರಾ ಒಂದು ರೂಪಾಯಿ ಆಹೇರಿ ಮಾಡ್ಯಾರ ಎಂದು ಸಾರುತ್ತಾರೆ. ಸತ್ತ ತಾಯಿ ಸ್ವಲ್ಪ ಸರಿದು ಮಲಗಿ ಜಾಗ ಬಿಡುತ್ತಾಳೆ. ಅಳುತ್ತಿದ್ದ ಮಗಳು ಎದ್ದು ಕೈಮುಗಿದು, ದುಡ್ಡು ಪಡೆದು, ಒಂದು ಮುಗುಳ್ನಗೆ ಕೊಟ್ಟು, ಮತ್ತೆ ಅದೇ ಜಾಗಕ್ಕೆ ಹೋಗಿ ಬಿದ್ದು ಅಳು ಮುಂದುವರಿಸುತ್ತಾಳೆ. ಕಣ್ಣೊರೆಸುತ್ತಿದ್ದವರಿಗೆ ಇದರಿಂದ ಕಿಂಚಿತ್ತೂ ತೊಂದರೆಯಾಗುವುದಿಲ್ಲ, ಅವರೂ ಬಿಟ್ಟಲ್ಲಿಂದ ಅಳುತ್ತಾರೆ. ನಾಯಕನ ಹಾಡು ಚೆನ್ನಾಗಿದ್ದರೆ ‘ಒನ್ಸ್ ಮೋರ್’ ಕೂಗಿಗೆ ಸತ್ತವನೂ ಎದ್ದು ಇನ್ನೊಮ್ಮೆ ಹಾಡಿ ಸಾಯುತ್ತಾನೆ. ದುಃಖ ಮತ್ತು ವ್ಯವಹಾರ ಒಂದೇ ಹಲಗೆಯ ಮೇಲೆ ನಿಂತು ಒಂದಕ್ಕೊಂದು ಮುಖ ನೋಡದೆ ಇರುವುದು, ಇದು ಅಯನೆಸ್ಕೋಗೆ ಬರೆಯಬೇಕಾಗಿ ಬಂತು. ನಮ್ಮಲ್ಲಿ ಪ್ರತಿ ವರ್ಷ ತಾನಾಗಿ ನಡೆಯುತ್ತದೆ.

ಬ್ಯಾಂಡು ಕಟ್ಟುವ ಹುಡುಗರು ಕಲಿಯಬೇಕಾದ ವಿದ್ಯೆ ಇಲ್ಲಿದೆ ಎಂದು ನನ್ನ ಅಂದಾಜು. ಹಾಡಿನ ಅತಿ ಆರ್ದ್ರ ಜಾಗದಲ್ಲಿ ಆಹೇರಿ ಕೂಗುವವನೊಬ್ಬನನ್ನು ಒಳಗೆ ಬಿಡಿ. ಗಿಟಾರ್ ನಿಲ್ಲಲಿ. ಹೆಸರು, ಊರು, ಮೊತ್ತ ಹೇಳಿ ಮುಗಿಯಲಿ. ನಿಂತ ಸ್ವರದಿಂದಲೇ ಹಾಡು ಮತ್ತೆ ಹೊರಡಲಿ. ಯಾರೂ ನಗಬಾರದು, ಹಾಡುವವನಂತೂ ನಗಲೇಬಾರದು. ಅಸಂಗತ ಆಡುವವನಿಗೆ ಮೊದಲ ಪಾಠವೇ ಅದು: ತಾನು ತಮಾಷೆ ಮಾಡುತ್ತಿದ್ದೇನೆ ಎಂದು ಪ್ರೇಕ್ಷಕರಿಗೆ ಕಣ್ಣು ಹೊಡೆದರೆ ಅಲ್ಲಿಗೆ ಮುಗಿಯಿತು.

ಇನ್ನು ಸದ್ದಿನ ವಿಚಾರ. ಅದನ್ನು ಬೇರೆಡೆಯಿಂದ ತರುವ ಅಗತ್ಯವೇ ನಮಗಿಲ್ಲ. ಶಹಾಬಾದಿನ ಸುತ್ತ ಫರ್ಸಿ ಕಲ್ಲಿನ ಖಣಿಗಳಿವೆ. ಸುಣ್ಣದ ಕಲ್ಲು ಇಲ್ಲಿ ಪದರ ಪದರವಾಗಿ ಕೂತಿದೆ. ಉಳಿ ಇಟ್ಟು ಸುತ್ತಿಗೆಯಿಂದ ಬಡಿದು ಒಂದೊಂದೇ ಪದರ ಎಬ್ಬಿಸುತ್ತಾರೆ. ಉಳಿಯ ಪೆಟ್ಟು ಮೊದಮೊದಲು ಕಿಣಿಕಿಣಿ ಎನ್ನುತ್ತದೆ. ಪದರ ಬಿಡುತ್ತ ಬಂದ ಹಾಗೆ ದನಿ ಒಡೆದು ಬೊದ್ದಾಗುತ್ತದೆ. ಹಳೆಯ ಕೆಲಸಗಾರರು ಕಲ್ಲನ್ನು ನೋಡುವುದಕ್ಕಿಂತ ಹೆಚ್ಚು ಕೇಳುತ್ತಾರೆ. ಪಾಲಿಶ್ ಮಷೀನಿನ ಬಳಿ ನೀರು ಬಿಟ್ಟು ಕಲ್ಲು ಉಜ್ಜುವಾಗ ಏಳುವ ದನಿ ರೇವನ್‌ಸ್ಟೈನನ ಸಿಂಥಸೈಜರಿಗೆ ಏನೂ ಕಡಿಮೆಯಿಲ್ಲ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಭಟ್ಟಿ ಹಗಲು ರಾತ್ರಿ ತಿರುಗುತ್ತದೆ. ಅದರ ಗುಂಯ್ ಎನ್ನುವ ಸದ್ದು ಅಲ್ಲಿಯವರಿಗೆ ನಿಂತಾಗ ಮಾತ್ರ ಕೇಳಿಸುತ್ತದೆ. ವಾಡಿಯಲ್ಲಂತೂ 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಮುಂಬಯಿ ಮದ್ರಾಸ್ ಹಳಿಗೆ ಕೂಡಿದಾಗಿನಿಂದ ಸದ್ದಿಗೆ ಬಿಡುವೇ ಇಲ್ಲ. ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ಡಿಕ್ಕಿಯಾಗುತ್ತ ಉದ್ದಕ್ಕೂ ಹರಿದುಹೋಗುವ ಆ ಖಡಖಡ ಯಾವ ಡ್ರಮ್ಮರನಿಗೂ ಸುಲಭಕ್ಕೆ ಸಿಗದ ಏರಿಳಿತ.

ಖರ್ಚೂ ಹೆಚ್ಚಿಲ್ಲ. ಒಂದು ಗಿಟಾರ್, ಭಜನೆಯವರ ಕೈಕಾಲು ಹಿಡಿದು ತಂದ ಒಂದು ಏಕತಾರಿ, ಒಂದು ದಮ್ಮಡಿ, ಸದ್ದು ಹಿಡಿಯಲು ಜೇಬಿನಲ್ಲಿರುವ ಮೊಬೈಲು. ಹಾಡಲು ಒಳ್ಳೆಯ ಕಂಠದವನೇ ಬೇಕೆಂದಿಲ್ಲ. ತನ್ನ ಕಂಠಕ್ಕೆ ನಾಚದವನು ಸಿಕ್ಕರೆ ಸಾಕು. ಮಾತು ಬೇಕಿದ್ದರೆ ಕುಸನೂರರ ನಾಟಕಗಳನ್ನು ಓದಿಕೊಳ್ಳಲಿ, ಕದಿಯಲಿಕ್ಕಲ್ಲ, ಕಲಬುರಗಿಯ ಕನ್ನಡ ಎಷ್ಟು ಬೇಗ ಅರ್ಥದಿಂದ ತಾಳಕ್ಕೆ ಹಾರುತ್ತದೆ ಎಂದು ತಿಳಿಯಲಿಕ್ಕೆ. ಇಂಥ ಸಂಗೀತಕ್ಕೆ ಎಲ್ಲೆಡೆ ಬರುವ ತೊಂದರೆ ತಾಲೀಮಿನ ಜಾಗದ್ದು. ಅಕ್ಕಪಕ್ಕದ ಮನೆಯವರು ಎರಡನೆಯ ದಿನವೇ ಬಾಗಿಲು ಬಡಿಯುತ್ತಾರೆ. ಶಹಾಬಾದಿನ ಪಾಲಿಶ್ ಮಷೀನಿನ ಪಕ್ಕದ ಶೆಡ್ಡಿನಲ್ಲಿ ಕೂತರೆ ಆ ಚಿಂತೆಯೂ ಇಲ್ಲ. ಬಾಗಿಲು ಬಡಿದರೂ ಕೇಳಿಸಬೇಕಲ್ಲ.